ತೊಟ್ಟಿಲು ಗಾಡಿಯ ಭಾರ

ಬಸವೇಶ ನಾಗಶ್ರೀಯನ್ನು ಮೊದಲ ಸಲ ಕಂಡಾಗ ಅವಳ ಕೈಯಲ್ಲಿ ಒಂದು ಮುರಿದ ಸೈಕಲ್ ಇತ್ತು. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಅವನ ವೆಲ್ಡಿಂಗ್ ಅಂಗಡಿ. ಅವತ್ತು ಮಧ್ಯಾಹ್ನ ಯಾರದೋ ಹೊಸ ಮನೆಯ ಗೇಟಿಗೆ ಕೊನೆಯ ಸರಳು ಬೆಸೆಯುತ್ತಿದ್ದ. ಕಪ್ಪು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರೆ ಎದುರಿಗೆ ಒಬ್ಬ ಹುಡುಗಿ ನಿಂತಿದ್ದಾಳೆ. ನೀಲಿ ಚೂಡಿದಾರ, ಸೊಂಟಕ್ಕೆ ಬಿಗಿದು ಕಟ್ಟಿದ ದುಪಟ್ಟಾ, ಚೈನಿಗೆ ಸಿಕ್ಕಿಕೊಳ್ಳದಿರಲೆಂದು ಬಲಗಾಲಿನ ಪ್ಯಾಂಟಿನ ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಮುಖದ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಪೆಡಲ್ ಕೂರುವ ಜಾಗದಲ್ಲೇ ಸೈಕಲ್ಲಿನ ಪೈಪು ಕತ್ತರಿಸಿಹೋಗಿತ್ತು. ಮಾಂಬಳ್ಳಿಯಿಂದ ಅಲ್ಲಿಯವರೆಗೂ ಅವಳು ಅದನ್ನು ಅರ್ಧ ತಳ್ಳಿ, ಅರ್ಧ ಹೊತ್ತು ತಂದಿದ್ದಳು.

"ಅಣ್ಣಾ, ಇದ ಬೆಸ್ದು ಕೊಡ್ತೀರಾ?"

"ಗುಜರಿಗಾಕಿ. ತೆಳ್ಳನೆ ಪೈಪು ಕನ. ರಾಡ್ ಮುಟ್ಟುಸ್ತಿದ್ದಂಗೇ ತೂತು ಬಿದ್ದೋಯ್ತದೆ."

"ತೂತು ಬಿದ್ರೆ ನಂದು ತಾನೆ ಬೀಳದು? ಬೆಸೀರಿ."

ಅವನು ಬೆಸೆದ. ಹೇಳಿದಂತೆಯೇ ತೂತು ಬಿತ್ತು. ಅದನ್ನು ಮುಚ್ಚಲು ಒಂದು ತುಂಡು ತಗಡು ಕೂರಿಸಿ ಸುತ್ತ ಬೆಸೆದ. ಬಿಸಿ ಆರುವ ಮೊದಲೇ ಅವಳು ಹೆಬ್ಬೆರಳಿನಿಂದ ಒತ್ತಿ ನೋಡಿ, ಸುಟ್ಟುಕೊಂಡು, ಬೆರಳನ್ನು ಬಾಯಿಗಿಟ್ಟುಕೊಂಡಳು. "ಗಟ್ಟಿಯಾಗದೆ ಬುಡಿ" ಎಂದವಳೇ ಹತ್ತಿ ಹೊರಟುಹೋದಳು. ಆ ಸೈಕಲ್ ಯಾವ ತಿರುವಿನಲ್ಲಿ ಮುರಿದು ಬಿದ್ದೀತೋ ಎಂದು ಬಸವೇಶ ಸಂಜೆಯವರೆಗೂ ರಸ್ತೆ ನೋಡುತ್ತಾ ಕೂತ. ಅವಳಿಗೇನಾದರೂ ಆದೀತೆಂಬ ಅವನ ಅಂಜಿಕೆ ಶುರುವಾದದ್ದು ಅವತ್ತೇ.

ಆ ಮೇಲೆ ತಿಳಿಯಿತು, ಅವಳು ಮಾಂಬಳ್ಳಿಯ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು, ಡಿಗ್ರಿ ಮುಗಿಸಿದ್ದಾಳೆ, ಭಾನುವಾರ ಬಂತೆಂದರೆ ಸೈಕಲ್ ಹತ್ತಿ ತಲಕಾಡು, ಶಿವನಸಮುದ್ರ ಎಂದು ಒಬ್ಬಳೇ ತಿರುಗುತ್ತಾಳೆ ಎಂದು. ಬಸವೇಶನ ಸೋದರಮಾವ ಪ್ರಭುಸ್ವಾಮಿಯವರು ಹನೂರಿನವರು, ಮಾತಿನಲ್ಲಿ ಬಲೇ ಚುರುಕು. ಅವರೇ ಮುಂದೆ ನಿಂತು ಸಂಬಂಧ ಕುದುರಿಸಿದರು. ಮದುವೆಯ ಊಟದ ಪಂಕ್ತಿಯಲ್ಲೂ ಬಿಡಲಿಲ್ಲ. "ಅಣ್ಣಾ ಅಂದೋಳ್ನೇ ಕಟ್ಕಂಡ್ನಲ್ಲ ನಮ್ಮುಡ್ಗ!" ಎಂದು ನಗಿಸಿದರು.

ಮದುವೆಯ ಮೇಲೂ ನಾಗಶ್ರೀಯ ಸುತ್ತಾಟ ನಿಲ್ಲಲಿಲ್ಲ. ಸಂಬಳದಲ್ಲಿ ಉಳಿಸಿ ಒಂದು ಗೇರ್ ಸೈಕಲ್ ಕೊಂಡಳು. ಬಸವೇಶನಿಗೂ ಒಂದು ಹಳೆಯದನ್ನು ಕೊಡಿಸಿ ಹಿಂದೆ ಹಾಕಿಕೊಂಡು ಹೊರಡುವಳು. ಅವಳು ಹತ್ತಿಪ್ಪತ್ತು ಮಾರು ಮುಂದೆ, ಅವನು ಏದುಸಿರು ಬಿಡುತ್ತಾ ಹಿಂದೆ. ಮಗಳು ಹುಟ್ಟಿದ ಮೇಲೆ ಮಾತ್ರ ಎಲ್ಲವೂ ನಿಂತುಹೋಯಿತು. ಮಗುವಿಗೆ ಚಾರ್ವಿ ಎಂದು ಹೆಸರಿಟ್ಟರು. ಬಸವೇಶನ ತಾಯಿ ಚೆನ್ನಾಜಮ್ಮನಿಗೆ ಆ ಹೆಸರು ನಾಲಿಗೆಗೆ ಹೊರಳದೆ "ಚಾರಿ" ಆಯಿತು. ಡೇರಿ, ಮನೆ, ಮಗು. ಸೈಕಲ್ಲಿನ ಸೀಟಿನ ಮೇಲೆ ಒಗೆದ ಲಂಗೋಟಿಗಳು ಒಣಗತೊಡಗಿದವು.

ಮಗು ಗಟ್ಟಿಯಾಗಿ ಕೂತು, ಗೋಡೆ ಹಿಡಿದು ನಡೆಯುವಂತಾದಾಗ ಒಂದು ಬೆಳಿಗ್ಗೆ ನಾಗಶ್ರೀ ಮೊಬೈಲ್ ತೆರೆದು ಗಂಡನ ಮುಂದೆ ಹಿಡಿದಳು. ಎಲ್ಲಿಯದೋ ದೇಶದ ಒಬ್ಬ ಹೆಂಗಸು ಸೈಕಲ್ಲಿನ ಹಿಂದೆ ಪುಟ್ಟ ಗಾಡಿ ಕಟ್ಟಿಕೊಂಡು, ಅದರೊಳಗೆ ಮಗುವನ್ನು ಕೂರಿಸಿಕೊಂಡು ಹೋಗುತ್ತಿದ್ದಳು.

"ಇಂತದ್ದು ಒಂದ ಮಾಡ್ಕೊಡಿ. ರಾಮಾಪುರಕ್ಕೆ ಓಗಿ ಅಜ್ಜಿಗೆ ಪಾಪುನ ತೋರುಸ್ಕೊ ಬರವ."

ರಾಮಾಪುರದಲ್ಲಿ ನಾಗಶ್ರೀಯ ತಾಯಿಯ ತಾಯಿ ಪುಟ್ಟಮಲ್ಲಮ್ಮ, ಮಗ ಸೊಸೆಯ ಜೊತೆ ಇದ್ದಳು. ಸೊಂಟ ಮುರಿದುಕೊಂಡಿದ್ದರಿಂದ ಎಲ್ಲಿಗೂ ಬರುವಂತಿರಲಿಲ್ಲ. ಮರಿಮಗಳ ಮುಖವನ್ನು ಇನ್ನೂ ನೋಡಿರಲಿಲ್ಲ.

"ಬಸ್ಸಲ್ಲೋಗವ" ಎಂದ ಬಸವೇಶ.

"ಬಸ್ಸಲ್ಲೋದ್ರೆ ಅಜ್ಜಿ ಸಿಕ್ತಾಳೆ, ದಾರಿ ಸಿಕ್ಕುಲ್ಲ."

ಬಸವೇಶ ಒಪ್ಪಿಕೊಂಡು ಗಾಡಿ ಕಟ್ಟಿದ. ಎಲ್ಲವೂ ಅವಳ ಲೆಕ್ಕಾಚಾರದಂತೆಯೇ ಆಯಿತು: ತೆಳು ಪೈಪಿನ ಚೌಕಟ್ಟು, ಮಕ್ಕಳ ಸೈಕಲ್ಲಿನ ಎರಡು ಚಕ್ರ, ತಳಕ್ಕೆ ಮಂಚಕ್ಕೆ ಹೆಣೆಯುವಂಥ ನವಾರು, ಮೇಲೆ ಹಸಿರು ಬಟ್ಟೆಯ ಮಾಡು, ಸುತ್ತ ಸೊಳ್ಳೆಪರದೆ. ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಮಗುವಿನ ಬದಲು ಅದರಷ್ಟೇ ತೂಕದ ಸಣ್ಣ ರಾಗಿ ಮೂಟೆ ಇಟ್ಟು ನಾಗಶ್ರೀ ಮಾಂಬಳ್ಳಿಗೆ ಹೋಗಿ ಬಂದಳು. "ಹಿಂದೆ ಗಾಡಿ ಅದೆ ಅನ್ನದೇ ಮರ್ತೋಯ್ತದೆ" ಎಂದು ಕುಣಿದಳು. ಚೆನ್ನಾಜಮ್ಮನಿಗೆ ಮಾತ್ರ ಸುತರಾಂ ಮನಸ್ಸಿರಲಿಲ್ಲ. ಸೊಸೆಯ ಹಟದ ಮುಂದೆ ಸೋತು, "ಆಗದಾದ್ರೆ ಆಗ್ಲಿ, ಗಾಡಿಗೆ ಪೂಜೆ ಆಗ್ದೆ ಕೂಸ್ನ ಕೂರುಸ್ಬೇಡಿ" ಎಂದಳು.

ಪೂಜೆಯ ದಿನ ಗಾಡಿಗೆ ವಿಭೂತಿ ಪಟ್ಟೆ ಬಳಿದು, ಹೂವು ಮುಡಿಸಿ, ಎರಡು ಚಕ್ರಗಳ ಮುಂದೆಯೂ ನಿಂಬೆಹಣ್ಣು ಇಟ್ಟರು. ಹೊಸ ಬೈಕಿಗಾಗಲಿ ಲಾರಿಗಾಗಲಿ ಚಕ್ರ ಹರಿದು ಹಣ್ಣು ಪಚಕ್ಕೆಂದು ಸಿಡಿಯಬೇಕು, ದೃಷ್ಟಿ ಹೋಗಬೇಕು. ಬಸವೇಶ ಗಾಡಿಯನ್ನು ಮೆಲ್ಲಗೆ ಎಳೆದ. ಆ ಹಗುರ ಚಕ್ರ ಒಂದು ಹಣ್ಣಿನ ಮೇಲೆ ಹತ್ತಿ, ಆಚೆ ಇಳಿದು, ಏನೂ ಆಗಿಲ್ಲವೆಂಬಂತೆ ನಿಂತಿತು. ಇನ್ನೊಂದು ಹಣ್ಣು ಜಾರಿ, ಉರುಳಿ, ಹೋಗಿ ಚರಂಡಿಗೆ ಬಿತ್ತು.

ನಾಗಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚೆನ್ನಾಜಮ್ಮ ನಗಲಿಲ್ಲ. ಸೊಸೆ ಒಳಗೆ ಹೋದ ಮೇಲೆ ಮಗನ ತೋಳು ಹಿಡಿದಳು.

"ನಿಂಬೆಣ್ಣ ಒಡೀದ ಗಾಡಿ ಕೂಸ್ನ ಕಾಯ್ತದಾ ಮಗ? ಲಾರಿ ಬೀಸ್ಕಂಡು ಓದ್ರೆ ತರಗೆಲೆ ಆರ್ದಂಗೆ ಆರೋಗದಿಲ್ವಾ ಅದು?"

ಅಪಶಕುನವನ್ನು ಅವನು ಅಷ್ಟಾಗಿ ನಂಬುತ್ತಿರಲಿಲ್ಲ. ಆದರೆ ಲಾರಿಯ ಮಾತು ಎದೆಗೆ ನಾಟಿತು. ಹನೂರಿನ ರಸ್ತೆಯಲ್ಲಿ ಕಲ್ಲಿನ ಲಾರಿಗಳು ಹೇಗೆ ನುಗ್ಗುತ್ತವೆಂದು ಅವನಿಗೆ ಗೊತ್ತು. ಜೊತೆಗೆ ಅವನ ಕಸುಬಿನ ನಂಬಿಕೆಯೂ ಒಂದಿತ್ತು. ಅವನ ಅಂಗಡಿಗೆ ಬರುವ ಗಿರಾಕಿಗಳು ಗೇಟನ್ನು ಎತ್ತಿ ನೋಡುತ್ತಾರೆ. ಭಾರವಿದ್ದರೆ ತಲೆಯಾಡಿಸುತ್ತಾರೆ, ಹಗುರವಿದ್ದರೆ ಮುಖ ಸಿಂಡರಿಸುತ್ತಾರೆ. ಭಾರವಾದದ್ದೇ ಭದ್ರ. ಇಷ್ಟು ವರ್ಷ ಅವನು ಅನ್ನ ತಿಂದದ್ದು ಅದೇ ಮಾತಿನ ಮೇಲೆ.

ನಾಗಶ್ರೀ ಸಂಜೆಯ ಡೇರಿಗೆ ಹೋಗಿದ್ದಾಗ ಅವನು ಗಾಡಿಯ ತಳಕ್ಕೆ, ನವಾರಿನ ಕೆಳಗೆ, ದಪ್ಪನೆಯ ಕಬ್ಬಿಣದ ಪ್ಲೇಟು ಕೂರಿಸಿ ಸುತ್ತಲೂ ಬೆಸೆದುಬಿಟ್ಟ. ಅರ್ಧ ಮೂಟೆ ಸಿಮೆಂಟಿನಷ್ಟು ತೂಕವಿತ್ತು. ಕಾಣದಿರಲೆಂದು ಕೆಳಗೆ ರೆಕ್ಸಿನ್ ಹೊದಿಸಿದ. ಚೆನ್ನಾಜಮ್ಮ ಮತ್ತೆ ನಿಂಬೆಹಣ್ಣು ಇಟ್ಟಳು. ಈ ಸಲ ಎರಡೂ ಪಚಪಚನೆ ಸಿಡಿದವು. "ಈಗ ಗಾಡಿ ಅನ್ನುಸ್ತು" ಎಂದು ತಾಯಿ ನೆಟಿಗೆ ಮುರಿದಳು.

"ಇದೇನ್ರೀ ರೆಕ್ಸಿನ್ನು?" ಎಂದು ನಾಗಶ್ರೀ ಕೇಳಿದಳು.

"ಕೆಸ್ರು ಸಿಡೀಬಾರ್ದು ಅಂತ."

ಹೊರಡುವ ದಿನ ಅವಳು ಗಾಡಿ ಮುಟ್ಟದಂತೆ ನೋಡಿಕೊಂಡ. ಅವನೇ ಹೊರಗೆ ತಂದ, ಅವನೇ ಸೈಕಲ್ಲಿಗೆ ಸಿಕ್ಕಿಸಿದ. ಮಗುವನ್ನು ಕೂರಿಸಿ ಪಟ್ಟಿ ಬಿಗಿದು, ಎಳೆದು ನೋಡಿ, ಮತ್ತೆ ಬಿಗಿದ. ಚೆನ್ನಾಜಮ್ಮ ಮೊಮ್ಮಗಳ ಕೆನ್ನೆಗೆ ದೊಡ್ಡ ಕಪ್ಪು ಬೊಟ್ಟಿಟ್ಟು ಸೊಸೆಗೆ ಹೇಳಿದಳು: "ಕೂಸ್ಗೆ ಒಂದು ಗೀರು ಬಿದ್ರೂ ಆ ಸೈಕಲ್ನ ನಾನೇ ಗುಜ್ರಿಗಾಕ್ತೀನಿ ಕನವ್ವ."

ಮಧುವನಹಳ್ಳಿ ದಾಟುವವರೆಗೆ ಚೆನ್ನಾಗಿಯೇ ಇತ್ತು. ಬಸವೇಶ ಹಿಂದಿನಿಂದ ಗಾಡಿಯ ಕೊಕ್ಕೆಯನ್ನೇ ನೋಡುತ್ತಾ ಪೆಡಲ್ ತುಳಿಯುತ್ತಿದ್ದ. ಒಂದು ಲಾರಿ ಹಾರ್ನ್ ಮಾಡಿದರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಲಾರಿ ಹೋದ ಮೇಲೂ ಗಾಡಿ ಅಲ್ಲಾಡದೆ ಸಾಗುವುದನ್ನು ಕಂಡು, ಪ್ಲೇಟು ಹಾಕಿದ್ದು ಒಳ್ಳೆಯದೇ ಆಯಿತೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಒಂದು ಕಡೆ ಕಬ್ಬಿನ ಗದ್ದೆಯ ಬದುವಿನಲ್ಲಿ ಕೂತಿದ್ದ ಮುದುಕರೊಬ್ಬರು ಕೈಯೆತ್ತಿ ನಿಲ್ಲಿಸಿದರು.

"ಏನ್ ಮಾರೀಯವ್ವ, ಐಸಾ?"

"ಐಸಲ್ಲ ತಾತ, ನನ್ ಮಗ್ಳು."

ಮುದುಕರು ಪರದೆ ಸರಿಸಿ ಬಗ್ಗಿ ನೋಡಿದರು. ಚಾರ್ವಿ ಅವರ ಮೂಗು ಹಿಡಿದಳು. "ಅಯ್ ನನ್ ಕಂದಾ! ಲೋ, ಎಡ್ತಿ ಕೈಲಿ ಗಾಡಿ ಎಳುಸ್ಕಂಡು ನೀನು ಹಿಂದ್ಗಡೆ ಮೆರವಣ್ಗೆ ಬತ್ತಿದ್ದಯಲ್ಲ, ನಾಚ್ಕೆ ಆಗಲ್ವಲಾ?" ಎಂದು ಬಸವೇಶನಿಗೆ ಕೇಳಿದರು. ನಾಗಶ್ರೀ ಬಿದ್ದು ಬಿದ್ದು ನಕ್ಕಳು. ಬಸವೇಶನೂ ನಕ್ಕ, ಆದರೆ ಒಳಗೆ ಏನೋ ಚುಚ್ಚಿತು.

ಕಾಮಗೆರೆ ಹತ್ತಿರವಾಗುತ್ತಾ ಏರು ಬಂತು. ದೊಡ್ಡದೇನಲ್ಲ, ಹಿಂದೆಲ್ಲ ನಾಗಶ್ರೀ ಮಾತಾಡುತ್ತಾ ಹತ್ತುತ್ತಿದ್ದಂಥದ್ದು. ಈಗ ಅರ್ಧದಲ್ಲೇ ಇಳಿದಳು. ತಳ್ಳಿದಳು. ಮತ್ತೆ ಹತ್ತಿದಳು, ಮತ್ತೆ ಇಳಿದಳು. ಕಾಮಗೆರೆಯ ಒಂದು ಮರದಡಿ ಸೈಕಲ್ ನಿಲ್ಲಿಸಿ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ತೊಡೆಗಳು ನಡುಗುತ್ತಿದ್ದವು. ಬಸವೇಶ ಮಗುವನ್ನು ಎತ್ತಿಕೊಂಡು ಬಾಳೆಹಣ್ಣು ಸುಲಿಯತೊಡಗಿದ.

"ರಾಗಿ ಮೂಟೆ ಎಳೆದಿದ್ನಲ್ಲ ಅವತ್ತು. ಇವತ್ತು ಯಾಕಿಂಗೆ?" ಎಂದಳು.

"ಬಿಸ್ಲು ಕನ."

"ಬಿಸ್ಲಲ್ಲ." ಅವಳ ದನಿ ಸಣ್ಣದಾಯಿತು. "ಅವತ್ತು ಉಮೇದಲ್ಲಿ ಗೊತ್ತಾಗ್ನಿಲ್ಲ ಅಷ್ಟೇಯ. ಹೆತ್ತ್ ಮೇಲೆ ನನ್ ಮೈಲಿ ಕಸುವಿಲ್ಲ ಕಣ್ರಿ. ಅತ್ತೆ ಬ್ಯಾಡ ಅಂದ್ರು, ನಾನೇ ಕೇಳ್ನಿಲ್ಲ." ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡಳು. ಬೆವರನ್ನಷ್ಟೇ ಒರೆಸಿಕೊಳ್ಳುತ್ತಿಲ್ಲವೆಂದು ಬಸವೇಶನಿಗೆ ಗೊತ್ತಾಯಿತು.

ಹೇಳಬೇಕಾಗಿದ್ದದ್ದು ಆಗಲೇ.  ಹೇಳಿದರೆ ಏನಾಗುತ್ತದೆ? ಪ್ಲೇಟು ಅಲ್ಲಿ ಬಿಚ್ಚುವಂತಿಲ್ಲ, ಬೋಲ್ಟು ಹಾಕಿದ್ದಲ್ಲ, ಬೆಸೆದದ್ದು. ಬಿಚ್ಚಿದರೆ ಲಾರಿಯ ಗಾಳಿಗೆ ಮಗು? ಬಿಸಿತುಪ್ಪದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಬಾಳೆಹಣ್ಣಿನ ಚೂರನ್ನು ಮಗಳ ಬಾಯಿಗಿಟ್ಟ.

ಸಂಜೆ ಹನೂರಿನಲ್ಲಿ ಪ್ರಭುಸ್ವಾಮಿಯವರ ಮನೆಯಲ್ಲಿ ಇಳಿದುಕೊಂಡರು. ಮಾವ ಜಗುಲಿಯಲ್ಲೇ ಕಾದಿದ್ದರು.

"ಬನ್ನಿ ಬನ್ನಿ! ಏನಪ್ಪ ಬಸ್ವೇಸ, ಮೂರು ಜನ್ದಲ್ಲಿ ದಣ್ದಿಲ್ದೆ ಇರೋಳು ಈ ಕೂಸು ಒಬ್ಳೇಯ!"

ಊಟಕ್ಕೆ ಕೂತಾಗ ನಾಗಶ್ರೀ ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟಳು. ಮಾವ ಎರಡು ಸಲ ಕೆಣಕಿದರೂ ನಗಲಿಲ್ಲ. ಮಗುವಿಗೆ ಹಾಲು ಕುಡಿಸಿ ಮಲಗಿಸಿದ ಮೇಲೆ ಗಂಡನಿಗೆ ಮೆಲ್ಲಗೆ ಹೇಳಿದಳು. "ನಾಳೆ ರಾಮಾಪುರ ಮುಟ್ಟುಸ್ಬುಡ್ತೀನಿ. ಅಜ್ಜಿ ಕಾಯ್ತಾ ಇರ್ತಾಳೆ. ಬರುವಾಗ ಬಸ್ಸಲ್ಲಿ ಬರವ. ಸೈಕಲ್ನ ಯಾರ್ಗಾರ ಕೊಟ್ಬುಡಿ."

"ಯಾಕಂಗಂತೀಯ?"

"ಎಳೀಲಾರ್ದೋಳು ಇಟ್ಕಂಡು ಏನ್ ಮಾಡ್ಲಿ? ಲಂಗೋಟಿ ಒಣಗಾಕ್ಲಾ?"

ಆ ರಾತ್ರಿ ಬಸವೇಶ ನಿದ್ದೆ ಮಾಡಲಿಲ್ಲ. ಬೆಳಗ್ಗೆ ಎದ್ದವನು ಹೇಳೋಣವೆಂದು ಅವಳ ಹತ್ತಿರ ಹೋದ. ಮಾವ ಕಾಫಿ ತಂದರು, ಅತ್ತೆ ಮಗುವನ್ನು ಎತ್ತಿಕೊಂಡರು, ನೆರೆಯವರು ಗಾಡಿ ನೋಡಲು ಬಂದರು. ಮಾತು ಮತ್ತೆ ಒಳಗೇ ಉಳಿಯಿತು. ರಾಮಾಪುರದಲ್ಲಿ ವೆಲ್ಡಿಂಗ್ ಅಂಗಡಿ ಇದೆ, ಅಲ್ಲಿ ಗುಟ್ಟಾಗಿ ಬಿಚ್ಚಿಸಿಬಿಡುತ್ತೇನೆ ಎಂದುಕೊಂಡ. ಯಾರಿಗೂ ತಿಳಿಯುವುದಿಲ್ಲ. ಈ ಉಪಾಯ ಹೊಳೆದ ಮೇಲೆ ಸ್ವಲ್ಪ ಉಸಿರು ಬಂತು.

ಏರಿನಲ್ಲಿ ಎಳೆದದ್ದು ಇಳಿಜಾರಿನಲ್ಲಿ ತಳ್ಳುತ್ತದೆ ಎನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಹನೂರು ಬಿಟ್ಟು ಸಾಕಷ್ಟು ದೂರ ಹೋದ ಮೇಲೆ ಎರಡೂ ಕಡೆ ಕುರುಚಲು ಕಾಡು. ರಸ್ತೆ ಒಂದು ದಿಣ್ಣೆ ಹತ್ತಿ ನೇರ ಕೆಳಗಿಳಿಯುತ್ತಿತ್ತು. ಕೊನೆಯಲ್ಲಿ ಒಂದು ಮೋರಿ, ಅಲ್ಲಿಂದ ತಿರುವು. ದಿಣ್ಣೆಯ ನೆತ್ತಿಯಲ್ಲಿ ನಾಗಶ್ರೀ ತಿರುಗಿ ಮಗುವನ್ನು ನೋಡಿದಳು, ಅದು ನಿದ್ದೆ ಮಾಡಿತ್ತು. ಅವಳು ಪೆಡಲ್ ಬಿಟ್ಟಳು. ಸೈಕಲ್ ತಾನಾಗಿಯೇ ಹರಿಯತೊಡಗಿತು. ಎಷ್ಟೋ ತಿಂಗಳ ಮೇಲೆ ಅವಳ ಕೂದಲು ಗಾಳಿಗೆ ಹಾರಿದ್ದನ್ನು ಬಸವೇಶ ಹಿಂದಿನಿಂದ ನೋಡಿದ. ಮರುಕ್ಷಣವೇ ಅವಳ ಬೆನ್ನು ಬಿಗಿಯಾದದ್ದನ್ನೂ ನೋಡಿದ.

ಬ್ರೇಕು ಕೀರಲುಗುಟ್ಟಿತು. ಸೈಕಲ್ ನಿಲ್ಲಲಿಲ್ಲ. ಹಿಂದಿನ ಗಾಡಿ ಸೈಕಲ್ಲನ್ನು ಹೋತ ಗುಮ್ಮಿದಂತೆ ಗುಮ್ಮುತ್ತಿತ್ತು. ಕೆಳಗೆ, ಮೋರಿಯ ಹತ್ತಿರ, ಒಂದು ಕುರಿ ಮಂದೆ ರಸ್ತೆಗೆ ಅಡ್ಡವಾಗಿ ಇಳಿಯುತ್ತಿತ್ತು.

"ನಾಗಾ! ಬ್ರೇಕಿಡಿ! ಬ್ರೇಕಿಡಿ!"

"ಇಡ್ದಿವ್ನಿ! ನಿಲ್ತಾ ಇಲ್ಲ!"

ಬಸವೇಶ ಗಾಬರಿಯಲ್ಲಿ ತನ್ನ ಸೈಕಲ್ಲನ್ನು ಎಸೆದು ಓಡಿದ. ಓಡಿ ಹಿಡಿಯುವ ವೇಗವಲ್ಲ ಅದು ಎಂದು ಗೊತ್ತಿದ್ದರೂ ಓಡಿದ. ಕಣ್ಣ ಮುಂದೆ ಗಾಡಿಯ ಹಸಿರು ಬಟ್ಟೆ ಮಾತ್ರ ಕುಣಿಯುತ್ತಿತ್ತು. ನಾಗಶ್ರೀ ಎರಡೂ ಕಾಲು ನೆಲಕ್ಕೂರಿ ಎಳೆದಳು. ಒಂದು ಚಪ್ಪಲಿ ಕಿತ್ತು ಹಾರಿತು. ಹ್ಯಾಂಡಲ್ಲನ್ನು ಒಮ್ಮೆಲೇ ಎಡಕ್ಕೆ ತಿರುಗಿಸದೆ, ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತಾ, ರಸ್ತೆ ಬದಿಯ ಮರಳಿಗೆ ಇಳಿಸಿದಳು. ಮಳೆನೀರು ತಂದು ಹಾಕಿದ್ದ ಮರಳು ದಪ್ಪವಾಗಿತ್ತು. ಚಕ್ರಗಳು ಹೂತುಕೊಂಡು, ಸೈಕಲ್ ನಿಂತಿತು. ಕುರಿಗಳು ತಮ್ಮ ಪಾಡಿಗೆ ದಾಟಿಹೋದವು.

ಬಸವೇಶ ಮುಟ್ಟುವಷ್ಟರಲ್ಲಿ ಅವಳು ಪಟ್ಟಿ ಬಿಚ್ಚಿ ಮಗುವನ್ನು ಎದೆಗೆ ಅವಚಿಕೊಂಡಿದ್ದಳು. ಚಾರ್ವಿ ನಿದ್ದೆ ಕೆಟ್ಟ ಸಿಟ್ಟಿಗೆ ಅಳುತ್ತಿದ್ದಳು. ತಲೆ, ಕೈ, ಕಾಲು ಎಲ್ಲವನ್ನೂ ಇಬ್ಬರೂ ಮುಟ್ಟಿ ಮುಟ್ಟಿ ನೋಡಿದರು. ಒಂದು ಗೀರೂ ಇರಲಿಲ್ಲ. ನಾಗಶ್ರೀಯ ಹಿಮ್ಮಡಿಯಿಂದ ಮಾತ್ರ ರಕ್ತ ಸುರಿಯುತ್ತಿತ್ತು.

"ಬ್ರೇಕು ಸರ್ಯಾಗೇ ಅದೆ" ಎಂದಳು, ಒಂದು ಕೈಯಲ್ಲಿ ಬ್ರೇಕು ಒತ್ತಿ ನೋಡುತ್ತಾ. "ಹಿಂದಿಂದ ಯಾರೋ ತಳ್ದಂಗಾಯ್ತು. ಇಷ್ಟು ಸಣ್ಣ ಕೂಸು ಎಂಗೆ ತಳ್ಳಾಯ್ತದೆ?"

ಬಸವೇಶ ಮರಳಿನಲ್ಲೇ ಕುಸಿದು ಕೂತ.

"ಕೂಸಲ್ಲ ಕಣೇ. ತಳಕ್ಕೆ ಪ್ಲೇಟಾಕಿವ್ನಿ."

"ಏನು?"

"ದಪ್ಪಂದು. ಗಾಳಿಗೆ ಆರ್ದೆ ಇರ್ಲಿ ಅಂತ. ಅವ್ವನ್ ನಿಂಬೆಣ್ಣು ಒಡೀಲಿ ಅಂತ."

ನಾಗಶ್ರೀ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಬಗ್ಗಿ ರೆಕ್ಸಿನ್ನನ್ನು ಕಿತ್ತಳು. ಬೆರಳಿನ ಗೆಣ್ಣಿನಿಂದ ಪ್ಲೇಟನ್ನು ಬಡಿದಳು. ಗೇಟು ಬಡಿದಂಥ ಸದ್ದು. ಮತ್ತೊಮ್ಮೆ ಬಡಿದಳು. ಆಮೇಲೆ ಅವನ ಮುಖ ನೋಡಿದಳು. ಬೈಗುಳ ಬೀಳುತ್ತದೆ, ಬಿದ್ದರೆ ಸಾಕು ಎಂದು ಅವನು ಕಾದ.

"ನೆನ್ನೆ ಕಾಮಗೆರೆಲಿ ನಾನು ಅಳ್ತಾ ಕೂತಿದ್ನಲ್ಲ" ಎಂದಳು, "ಆಗ ನೀವು ಬಾಳೆಣ್ಣ ಸುಲೀತಿದ್ರಿ."

 ಬಸವೇಶ ಎದ್ದು ಹೋಗಿ ಅವಳ ಚಪ್ಪಲಿ ಹುಡುಕಿ ತಂದ. ತನ್ನ ಟವೆಲ್ ಹರಿದು ಹಿಮ್ಮಡಿಗೆ ಕಟ್ಟಿದ. ಅವಳು ಕಟ್ಟಿಸಿಕೊಂಡಳು.

ರಾಮಾಪುರದವರೆಗೂ ನಡೆದರು. ಮಗುವನ್ನು ಎತ್ತಿಕೊಂಡು ಕುಂಟುತ್ತಾ ಅವಳು ಮುಂದೆ. ಗಾಡಿ ಸಿಕ್ಕಿಸಿದ ಅವಳ ಸೈಕಲ್ಲನ್ನು ಒಂದು ಕೈಯಲ್ಲಿ, ತನ್ನದನ್ನು ಇನ್ನೊಂದು ಕೈಯಲ್ಲಿ ತಳ್ಳುತ್ತಾ ಅವನು ಹಿಂದೆ. ಆ ಭಾರ ಎಷ್ಟೆಂದು ಅವನ ಹೆಗಲಿಗೆ ತಿಳಿದದ್ದು ಆಗ. ಇದನ್ನು ಅವಳು ಹನೂರಿನವರೆಗೆ ಎಳೆದಳು ಎಂದುಕೊಂಡ. ಎಳೆದೂ ತನ್ನಲ್ಲಿ ಕಸುವಿಲ್ಲ ಅಂದುಕೊಂಡಳು.

ಬಸ್ ನಿಲ್ದಾಣದ ಹತ್ತಿರವೇ ಮಹದೇವು ಎಂಬುವನ ವೆಲ್ಡಿಂಗ್ ಅಂಗಡಿ ಇತ್ತು. ಅವನು ಗಾಡಿಯನ್ನು ಮಗುಚಿ ಹಾಕಿ ನೋಡಿ ಸಿಳ್ಳೆ ಹೊಡೆದ.

"ಯಾರಣ್ಣ ಇದ ಬೆಸ್ದೋನು? ತೊಟ್ಲಿಗೆ ಯಾರಾರ ಲಾರಿ ತಳ ಆಕ್ತಾರಾ?"

"ನಾನೇ ಕನಪ್ಪ. ಗ್ರೈಂಡರ್ ಕೊಡಿ, ನಾನೇ ಕುಯ್ತೀನಿ."

ಅವನು ಕುಯ್ಯುತ್ತಿರುವಷ್ಟು ಹೊತ್ತೂ ನಾಗಶ್ರೀ ಅಲ್ಲೇ ಕಲ್ಲಿನ ಮೇಲೆ ಕೂತು, ಕಿಡಿ ಹಾರುವುದನ್ನು ಮಗಳಿಗೆ ತೋರಿಸುತ್ತಿದ್ದಳು. ಪ್ಲೇಟು ಧಡಾರನೆ ನೆಲಕ್ಕೆ ಬಿದ್ದಾಗ ಎದ್ದು ಬಂದು ಗಾಡಿಯನ್ನು ಒಂದು ಕೈಯಲ್ಲಿ ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು.

"ಲಾರಿ ಬಂದ್ರೆ?" ಎಂದ ಬಸವೇಶ. ಹೇಳಬಾರದೆಂದುಕೊಂಡಿದ್ದರೂ ಬಾಯಿಂದ ಬಂದುಬಿಟ್ಟಿತು.

"ಲಾರಿ ಬಂದ್ರೆ ರಸ್ತೆ ಬುಟ್ಟು ಇಳ್ದು ನಿಲ್ತೀನಿ. ನಿಮ್ಗೆ ಎದ್ರಿಕೆ ಆದ್ರೆ ನಂಗೆ ಹೇಳಿ. ಗಾಡಿಗೆ ಬೆಸೀಬೇಡಿ."

ಅಜ್ಜಿ ಪುಟ್ಟಮಲ್ಲಮ್ಮ ಮಂಚದ ಮೇಲೇ ಮರಿಮಗಳನ್ನು ಮಲಗಿಸಿಕೊಂಡು, ಕಣ್ಣು ಮಂಜಾಗಿದ್ದರಿಂದ ಬೆರಳುಗಳಿಂದಲೇ ಮೂಗು, ಕಿವಿ, ಗಲ್ಲ ಎಲ್ಲವನ್ನೂ ನೋಡಿದಳು. "ನಮ್ ಮನೆ ಮೂಗೇಯ" ಎಂದು ತೀರ್ಪು ಕೊಟ್ಟಳು. ಮೊಮ್ಮಗಳ ಹಿಮ್ಮಡಿ ಮಾಯುವವರೆಗೆ ಹೋಗಗೊಡಲಿಲ್ಲ.

ಹಿಂದಿರುಗುವ ದಿನ ಬಸವೇಶ ಬಸ್ಸಿನ ಹೊತ್ತು ವಿಚಾರಿಸಿಕೊಂಡು ಬಂದ. ನಾಗಶ್ರೀ ಆಗಲೇ ಮಗುವನ್ನು ಗಾಡಿಯಲ್ಲಿ ಕೂರಿಸಿ ಪಟ್ಟಿ ಬಿಗಿಯುತ್ತಿದ್ದಳು. ಮೋರಿಯ ಏರನ್ನು ಸೈಕಲ್ಲಿನಿಂದ ಇಳಿಯದೆ ಹತ್ತಿದಳು. ದಿಣ್ಣೆಯ ನೆತ್ತಿಯಲ್ಲಿ ನಿಂತು ಏದುಸಿರಿನ ನಡುವೆ ತನ್ನ ತೊಡೆಯನ್ನೇ ಒಮ್ಮೆ ತಟ್ಟಿಕೊಂಡಳು. ಅಲ್ಲಿಂದಾಚೆ ಬಸವೇಶನಿಗೆ ಅವಳು ಸಿಗಲಿಲ್ಲ. ಪ್ರತಿ ತಿರುವಿನಲ್ಲೂ ಹಸಿರು ಬಟ್ಟೆ ಮರೆಯಾಗುತ್ತಿತ್ತು. ಮತ್ತೆ ಕಾಣುವವರೆಗೂ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಆ ಹೊಡೆತ ನಿಲ್ಲುವುದಿಲ್ಲವೆಂದು ಅವನಿಗೆ ಅರ್ಥವಾಗಿತ್ತು. ಎದೆಯನ್ನು ಹೊಡೆದುಕೊಳ್ಳಲು ಬಿಟ್ಟು ಪೆಡಲ್ ತುಳಿದ.

ಮನೆಯಲ್ಲಿ ಚೆನ್ನಾಜಮ್ಮ ಮೊಮ್ಮಗಳನ್ನು ಬೆತ್ತಲೆ ಮಾಡಿ, ಬೆಳಕಿಗೆ ಹಿಡಿದು ನೋಡಿದಳು. ಗೀರು ಸಿಗಲಿಲ್ಲ. ಸೊಸೆಯ ಹಿಮ್ಮಡಿಯ ಕಲೆ ಕಂಡು "ಅದೇನವ್ವ?" ಎಂದಳು. ನಾಗಶ್ರೀ ಗಂಡನ ಕಡೆ ನೋಡಿದಳು. ಈ ಸಲ ಬಸವೇಶ ತಡಮಾಡದೆ ಎಲ್ಲವನ್ನೂ ಹೇಳಿದ. ನಿಂಬೆಹಣ್ಣಿನ ವಿಷಯ ಬಂದಾಗ ಚೆನ್ನಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗಿ, ಅರಿಸಿನ ಬಿಸಿ ಮಾಡಿ ತಂದು, ಸೊಸೆಯ ಕಾಲಿಗೆ ತಾನೇ ಹಚ್ಚಿದಳು.

ಈಗ ನಾಗಶ್ರೀ ಮಾಂಬಳ್ಳಿಯ ಡೇರಿಯಲ್ಲಿ ಹಾಲು ಪರೀಕ್ಷೆಯ ಕೆಲಸದಲ್ಲೇ ಇದ್ದಾಳೆ. ಕೊಳ್ಳೇಗಾಲದಿಂದ ದಿನವೂ ಸೈಕಲ್ಲಿನಲ್ಲಿ ಹೋಗಿ ಬರುತ್ತಾಳೆ. ರಜೆ ಸಿಕ್ಕಿದಾಗ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಊರೂರು ಸುತ್ತುತ್ತಾಳೆ.